ಜಾನ್ ಆಕ್ಸನ್ ಲಾವಣಿ: ನಟರನ್ನು ಕೈಬಿಟ್ಟ ಒಂದು ರೇಡಿಯೊ ರೂಪಕ

1957ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಡರ್ಬಿಷೈರ್ ಬೆಟ್ಟಸಾಲಿನ ಬಕ್ಸ್‌ಟನ್ ಊರಿನಿಂದ ಒಂದು ಗೂಡ್ಸ್ ರೈಲು ಹೊರಟಿತು. ಎಂಜಿನ್ ನಡೆಸುತ್ತಿದ್ದವರು ಸ್ಟಾಕ್‌ಪೋರ್ಟ್‌ನ ಎಜ್ಲಿ ಲೋಕೋ ಶೆಡ್ಡಿನ ಚಾಲಕ ಜಾನ್ ಆಕ್ಸನ್. ರೈಲು ಏರು ಹತ್ತಿ ಮುಗಿಸುವ ಹೊತ್ತಿಗೆ ಬ್ರೇಕಿಗೆ ಹಬೆ ಒಯ್ಯುವ ಕೊಳವೆ ಒಡೆಯಿತು. ಕುದಿಯುವ ಹಬೆ ಕ್ಯಾಬಿನೊಳಗೆ ನುಗ್ಗಿತು. ಬ್ರೇಕು ಹೋಯಿತು, ಎಂಜಿನ್ನಿನ ವೇಗ ತಗ್ಗಿಸುವ ಹಿಡಿಕೆಯ ಬಳಿ ಕೈ ಚಾಚುವುದೂ ಕಷ್ಟವಾಯಿತು. ಮುಂದೆ ಸುಮಾರು 60 ಅಡಿಗೆ ಒಂದಡಿ ಇಳಿಯುವ ಉದ್ದನೆಯ ಇಳಿಜಾರು. ಕೆಳಗೆ ಹಾರಿ ವ್ಯಾಗನ್‌ಗಳ ಕೈಬ್ರೇಕುಗಳನ್ನು ಹಾಕಲು ಯತ್ನಿಸು ಎಂದು ಆಕ್ಸನ್ ತಮ್ಮ ಫೈರ್‌ಮನ್‌ಗೆ, ಅಂದರೆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತೂರುವ ಸಹಾಯಕರಿಗೆ, ಹೇಳಿದರು. ಫೈರ್‌ಮನ್ ಹಾರಿದರು. ರೈಲಿನ ವೇಗ ಇನ್ನೂ ಕಡಿಮೆಯಿದ್ದ ಆ ಹೊತ್ತಿನಲ್ಲಿ ಆಕ್ಸನ್ ಕೂಡ ಹಾರಬಹುದಿತ್ತು. ಅವರು ಇಳಿಯಲಿಲ್ಲ. ಚಾಪೆಲ್-ಎನ್-ಲೆ-ಫ್ರಿತ್ ನಿಲ್ದಾಣದ ಹತ್ತಿರ ಮುಂದಿದ್ದ ಇನ್ನೊಂದು ಗೂಡ್ಸ್ ರೈಲಿಗೆ ಡಿಕ್ಕಿಯಾಗಿ ಆಕ್ಸನ್ ಮತ್ತು ಆ ರೈಲಿನ ಗಾರ್ಡ್ ಇಬ್ಬರೂ ತೀರಿಕೊಂಡರು. ಅದೇ ವರ್ಷ ಆಕ್ಸನ್ ಅವರಿಗೆ ಮರಣೋತ್ತರವಾಗಿ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಪದಕ ಸಂದಿತು.

ಇಷ್ಟು ಪತ್ರಿಕೆಯ ಸುದ್ದಿ. ಮುಂದಿನ ವರ್ಷ, 1958ರ ಜುಲೈ 2ರಂದು, ಬಿಬಿಸಿಯ ಹೋಮ್ ಸರ್ವಿಸ್ ಎಂಬ ರೇಡಿಯೊ ವಾಹಿನಿಯಲ್ಲಿ ಈ ಸಾವಿನ ಕುರಿತು ಸುಮಾರು ಒಂದು ಗಂಟೆಯ ಕಾರ್ಯಕ್ರಮ ಪ್ರಸಾರವಾಯಿತು. ಹೆಸರು ‘ದ ಬ್ಯಾಲಡ್ ಆಫ್ ಜಾನ್ ಆಕ್ಸನ್’, ಅಂದರೆ ಜಾನ್ ಆಕ್ಸನ್ ಲಾವಣಿ. ಅದರಲ್ಲಿ ಕಥೆ ಹೇಳುವ ನಿರೂಪಕನಿಲ್ಲ, ರೈಲ್ವೆಯವರಂತೆ ಮಾತನಾಡುವ ನಟನಿಲ್ಲ. ರೈಲ್ವೆಯವರೇ ಮಾತನಾಡುತ್ತಾರೆ. ಆ ಮಾತುಗಳ ನಡುವೆ ಹಾಡುಗಳು ಬರುತ್ತವೆ. ಸಾಮಾನ್ಯರ ಮಾತು ಮತ್ತು ಜನಪದ ಸಂಗೀತವನ್ನು ಸೇರಿಸಿ ರೇಡಿಯೊ ಸಾಕ್ಷ್ಯಚಿತ್ರ ಮಾಡಲು ಹೊರಡುವ ಯಾರಿಗೇ ಆಗಲಿ, ನಾನು ಮೊದಲು ಕೇಳಿಸುವುದು ಇದನ್ನೇ. ಹಾಡು ಚೆನ್ನಾಗಿದೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಇದನ್ನು ಮಾಡಿದವರು ಅರ್ಧ ದಾರಿಯಲ್ಲಿ ತಮ್ಮ ಯೋಜನೆಯನ್ನೇ ಬಿಸಾಡಿದರು, ಬಿಸಾಡಲು ಕಾರಣವಾದದ್ದು ಟೇಪಿನಲ್ಲಿದ್ದ ಮಾತು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಆ ತಿರುವು.

ಆಗಿನ ರೂಢಿ

ಆ ಕಾಲದ ಬಿಬಿಸಿ ರೂಪಕಗಳಲ್ಲಿ ಗಣಿ ಕಾರ್ಮಿಕನ ಅಥವಾ ಮೀನುಗಾರನ ಅನುಭವ ಬೇಕಾದರೆ ಸಾಮಾನ್ಯವಾಗಿ ಒಂದು ಕ್ರಮವಿತ್ತು. ನಿರ್ಮಾಪಕರು ಅವನನ್ನು ಮಾತನಾಡಿಸಿ ಬರೆದುಕೊಳ್ಳುತ್ತಿದ್ದರು. ಅದು ಸ್ಕ್ರಿಪ್ಟ್ ಆಗುತ್ತಿತ್ತು. ಸ್ಟುಡಿಯೊದಲ್ಲಿ ನಟನೊಬ್ಬ ಅದನ್ನು ಓದುತ್ತಿದ್ದ. ಇದನ್ನು ಯಾರೂ ಮೋಸವೆಂದು ಭಾವಿಸಿರಲಿಲ್ಲ. ಧ್ವನಿಮುದ್ರಣ ಯಂತ್ರಗಳು ಭಾರವಾಗಿದ್ದವು, ಡಿಸ್ಕಿನ ಮೇಲೆ ಕೊರೆದ ಮಾತನ್ನು ಬೇಕಾದಲ್ಲಿ ಕತ್ತರಿಸಿ ಜೋಡಿಸುವಂತಿರಲಿಲ್ಲ. ಜತೆಗೆ, ಪ್ರಾಂತೀಯ ಉಚ್ಚಾರದ ದುಡಿಯುವ ಜನರ ಮಾತು ಹಾಗೆಯೇ ಬಾನುಲಿಯಲ್ಲಿ ಬಂದರೆ ಕೇಳುಗರಿಗೆ ಅರ್ಥವಾಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು.

1950ರ ದಶಕದಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ಟೇಪ್ ರೆಕಾರ್ಡರ್ ಬಂತು. ಇಎಂಐ ಕಂಪನಿಯ ಆ ಯಂತ್ರಕ್ಕೆ ‘ಮಿಡ್ಜೆಟ್’ ಎಂಬ ಹೆಸರಿತ್ತು. ಬರ್ಮಿಂಗ್‌ಹ್ಯಾಮ್‌ನ ಬಿಬಿಸಿ ಕೇಂದ್ರದಲ್ಲಿ ರೂಪಕಗಳ ನಿರ್ಮಾಪಕರಾಗಿದ್ದ ಚಾರ್ಲ್ಸ್ ಪಾರ್ಕರ್ ಕೈಗೆ ಅದು ಸಿಕ್ಕಿತು. ಪಾರ್ಕರ್ ಯುದ್ಧಕಾಲದಲ್ಲಿ ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿದವರು, ಆಮೇಲೆ ಕೇಂಬ್ರಿಜ್‌ನಲ್ಲಿ ಇತಿಹಾಸ ಓದಿದವರು. ಲಿಂಕನ್ನರ ಅಂತಿಮಯಾತ್ರೆಯ ರೈಲನ್ನು ಕುರಿತ ‘ದ ಲೋನ್‌ಸಮ್ ಟ್ರೇನ್’ ಎಂಬ ಅಮೆರಿಕನ್ ಗೀತರೂಪಕ ಅವರ ಮನಸ್ಸಿನಲ್ಲಿ ಕುಳಿತಿತ್ತು. ಆಕ್ಸನ್ ಸುದ್ದಿ ಕಣ್ಣಿಗೆ ಬಿದ್ದಾಗ ಅಂಥದೇ ಒಂದನ್ನು ಮಾಡಬಹುದೆಂದು ಅನಿಸಿ ಯೂಅನ್ ಮಕಾಲ್ ಅವರನ್ನು ಕರೆದರು. ಮಕಾಲ್ ಸಾಲ್ಫರ್ಡ್‌ನ ದುಡಿಯುವ ವರ್ಗದ ಮನೆಯಲ್ಲಿ ಹುಟ್ಟಿ, ಎಡಪಂಥೀಯ ರಂಗಭೂಮಿಯಲ್ಲಿ ಬೆಳೆದ ಹಾಡುಗಾರ, ನಾಟಕಕಾರ. ಸಂಗೀತದ ಹೊಣೆ ಹೊತ್ತವರು ಅಮೆರಿಕದ ಪೆಗ್ಗಿ ಸೀಗರ್. ಅವರಿಗಾಗ ಇಪ್ಪತ್ತಮೂರರ ಆಸುಪಾಸು. ಅವರ ತಾಯಿ ರೂತ್ ಕ್ರಾಫರ್ಡ್ ಸೀಗರ್ ಸಂಯೋಜಕಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದ ಜನಪದ ಹಾಡುಗಳ ಧ್ವನಿಮುದ್ರಣಗಳನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಿದವರು. ಹಾಡುಗಾರನ ಉಸಿರನ್ನೂ ತಡವರಿಕೆಯನ್ನೂ ಕಿವಿಗೊಟ್ಟು ಕೇಳುವ ಅಭ್ಯಾಸವಿದ್ದ ಮನೆ ಅದು.

ನಲವತ್ತು ಗಂಟೆ

ಮೊದಲ ಯೋಜನೆ ಹಳೆಯ ಕ್ರಮದ್ದೇ ಆಗಿತ್ತು. ಪಾರ್ಕರ್ ಮತ್ತು ಮಕಾಲ್ ಸ್ಟಾಕ್‌ಪೋರ್ಟ್‌ಗೆ ಹೋಗಿ ಆಕ್ಸನ್ ಅವರ ಸಹೋದ್ಯೋಗಿಗಳನ್ನೂ ಪತ್ನಿಯನ್ನೂ ಮಾತನಾಡಿಸುವುದು, ಟೇಪು ಬರಹಗಾರನ ಟಿಪ್ಪಣಿ ಪುಸ್ತಕದಂತೆ ಉಪಯೋಗಕ್ಕೆ ಬರುವುದು, ಅದನ್ನಿಟ್ಟುಕೊಂಡು ಮಕಾಲ್ ನಾಟಕೀಯ ಸ್ಕ್ರಿಪ್ಟ್ ಬರೆಯುವುದು, ನಟರು ಆಡುವುದು. ಅವರು ಹೋದರು. ನಲವತ್ತು ಗಂಟೆಗೂ ಮಿಕ್ಕಿ ಮಾತು ತುಂಬಿಕೊಂಡು ಬಂದರು.

ಬರೆಯಲು ಕುಳಿತಾಗ ಕಷ್ಟ ಶುರುವಾಯಿತು. ಮಕಾಲ್ ಟೇಪುಗಳನ್ನು ಕೇಳಿದರು, ಮತ್ತೆ ಕೇಳಿದರು. ಅವರೇನೂ ದುರ್ಬಲ ಬರಹಗಾರರಲ್ಲ. ದುಡಿಯುವವರ ಮಾತನ್ನು ರಂಗದ ಮೇಲೆ ತರುವುದಕ್ಕಾಗಿಯೇ ವರ್ಷಗಟ್ಟಲೆ ದುಡಿದವರು. ಆದರೂ ಟೇಪಿನಲ್ಲಿದ್ದ ಮಾತಿನ ಮುಂದೆ ತಾವು ಬರೆಯಬಹುದಾದದ್ದು ಸಪ್ಪೆ ಎಂದು ಅವರಿಗೆ ಅರಿವಾಯಿತು. ಈ ಮಾತನ್ನು ನಟನ ಬಾಯಲ್ಲಿ ಹಾಕಿದರೆ ಕೆಡುತ್ತದೆ, ಆದ್ದರಿಂದ ಮೂಲ ದನಿಗಳನ್ನೇ ಬಳಸಬೇಕು ಎಂಬ ತೀರ್ಮಾನಕ್ಕೆ ಬಂದರು.

ಏಕೆ ಕೆಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬ್ಲ್ಯಾಕ್‌ಪೂಲ್ ಕಡಲತೀರದಲ್ಲಿ ಮಾರುವ ಸಕ್ಕರೆ ಕೋಲಿನೊಳಗೆ ಊರಿನ ಹೆಸರು ಈ ತುದಿಯಿಂದ ಆ ತುದಿಯವರೆಗೆ ಎಳೆದಿರುತ್ತದೆ. ಎಲ್ಲಿ ಮುರಿದರೂ ಅಕ್ಷರ ಕಾಣುತ್ತವೆ. ರೈಲ್ವೆ ತಮ್ಮವರ ಬೆನ್ನುಹುರಿಯೊಳಗೆ ಹಾಗೆ ಹಾದುಹೋಗಿದೆ ಎಂದು ಕಾರ್ಯಕ್ರಮದಲ್ಲಿ ಒಬ್ಬ ರೈಲ್ವೆಯವರು ಹೇಳುತ್ತಾರೆ. ಇದೇ ಸಾಲನ್ನು ಕಾಗದದ ಮೇಲೆ ಬರೆದು ನೋಡಿ: ಒಳ್ಳೆಯ ಉಪಮೆ, ಬರಹಗಾರನ ಜಾಣತನ. ಆ ಮನುಷ್ಯನ ಬಾಯಲ್ಲಿ ಅದು ಬೇರೆಯೇ ಆಗುತ್ತದೆ. ಮಾತನಾಡುತ್ತಾ ಅವರು ಉಪಮೆಯನ್ನು ಹುಡುಕಿ ಹಿಡಿಯುತ್ತಾರೆ; ಹಿಡಿದ ಕೂಡಲೇ ದನಿಯಲ್ಲಿ ಖುಷಿ ಏರುತ್ತದೆ. ನಟನಿಗೆ ಸಾಲು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವನಂತೆ ನಟಿಸುವುದು ಮತ್ತು ನಿಜಕ್ಕೂ ಹುಡುಕುವುದು ಒಂದೇ ಅಲ್ಲ. ಕಣ್ಣಿಗೆ ಮುಖ ಕಾಣದ ರೇಡಿಯೊದಲ್ಲಂತೂ ಈ ವ್ಯತ್ಯಾಸವನ್ನು ಮುಚ್ಚಿಡಲು ಯಾವ ಆಸರೆಯೂ ಇಲ್ಲ.

ಮಾತಿನಿಂದ ಹಾಡಿಗೆ

ನಟರು ಹೋದರು, ನಿರೂಪಕನೂ ಹೋದ. ಹಾಗಾದರೆ ಕಥೆಯನ್ನು ಮುಂದಕ್ಕೆ ಒಯ್ಯುವವರು ಯಾರು? ಇಲ್ಲಿಯೇ ಲಾವಣಿಯ ಕಟ್ಟು ನೆರವಿಗೆ ಬಂತು. ಲಾವಣಿಕಾರನಿಗೆ ಒಂದು ಸೊಲ್ಲಿನಲ್ಲಿ ವರ್ಷ ದಾಟುವುದು ಗೊತ್ತು, ಇನ್ನೊಂದು ಸೊಲ್ಲಿನಲ್ಲಿ ಒಂದು ಕ್ಷಣದ ಮೇಲೆ ನಿಲ್ಲುವುದೂ ಗೊತ್ತು. ಊರು, ಹೆಸರು, ದಿನ, ಕಸುಬು ಇವನ್ನೆಲ್ಲ ಹಾಡಿನಲ್ಲಿ ಹೇಳಿದರೆ ಯಾರಿಗೂ ವರದಿ ಓದಿದಂತೆ ಅನಿಸುವುದಿಲ್ಲ. ಕಾರ್ಯಕ್ರಮದ ಆರಂಭದ ಹಾಡೇ ಆಕ್ಸನ್ ಯಾರು, ಯಾವ ಶೆಡ್ಡಿನವರು, ಫೆಬ್ರುವರಿಯ ಒಂದು ದಿನ ಹಳಿಯ ಮೇಲೆ ಹೇಗೆ ಜೀವ ಬಿಟ್ಟರು ಎಂಬುದನ್ನು ಹೇಳಿಬಿಡುತ್ತದೆ. ಕೊನೆ ಏನಾಗುವುದೆಂಬ ಕುತೂಹಲವನ್ನು ಮೊದಲ ನಿಮಿಷದಲ್ಲೇ ತೀರಿಸಿಬಿಡುವ ಈ ಧೈರ್ಯ ಲಾವಣಿಯದು. ಸಾವು ಗೊತ್ತಾದ ಮೇಲೆ ಕೇಳುಗನಿಗೆ ಆತುರವಿರುವುದಿಲ್ಲ. ಆಕ್ಸನ್ ನಸುಕಿನಲ್ಲಿ ಎದ್ದು ಕೆಲಸಕ್ಕೆ ಹೊರಡುವುದು, ಅವರಿಗಿದ್ದ ಕುಣಿತದ ಹುಚ್ಚು, ಬೆಟ್ಟ ಸುತ್ತುವ ಹುಚ್ಚು ಎಲ್ಲವೂ ಆಮೇಲೆ ಭಾರವಾಗಿ ಕೇಳಿಸುತ್ತವೆ. ಏನೂ ನಡೆಯದ ದೃಶ್ಯಗಳು ಕೂಡ ಎದೆಗೆ ತಾಗುತ್ತವೆ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಹಾಡುಗಳ ಪದಗಳು ಟೇಪಿನಿಂದಲೇ ಬಂದವು. ಶೆಡ್ಡಿನಲ್ಲಿ ಎಂಜಿನ್ ತೊಳೆಯುವ ಹುಡುಗನಾಗಿ ಸೇರಿ, ಫೈರ್‌ಮನ್ ಆಗಿ ಕಲ್ಲಿದ್ದಲು ತೂರಿ, ಎಷ್ಟೋ ವರ್ಷಗಳ ನಂತರ ಚಾಲಕನ ಜಾಗಕ್ಕೆ ಬರುವುದು ಹಬೆ ಎಂಜಿನ್ನುಗಳ ಕಾಲದ ರೈಲ್ವೆ ಬದುಕು. ಆ ಬದುಕಿಗೆ ಅದರದೇ ಶಬ್ದಕೋಶವಿತ್ತು. ರೈಲ್ವೆಯ ಕೆಲಸ ಹೀಗಿರಬಹುದು ಎಂದು ಮಕಾಲ್ ಊಹಿಸಿ ಬರೆಯಲಿಲ್ಲ. ಮಾತನಾಡಿದವರು ಬಳಸಿದ ಕಸುಬಿನ ಪದ, ಅವರ ವಾಕ್ಯ ಏರಿ ಇಳಿಯುವ ಜಾಗ, ಉಸಿರು ತೆಗೆದುಕೊಳ್ಳುವ ಅಂತರ ಇವನ್ನು ಹಾಡಿನ ಸಾಲಿಗೆ ಅಳತೆಯಾಗಿ ಇಟ್ಟುಕೊಂಡರು. ಹಾಗಾಗಿ ಒಬ್ಬನ ಮಾತು ಮುಗಿದು ಹಾಡು ಎತ್ತಿಕೊಂಡಾಗ ಬೇರೆ ಕೋಣೆಗೆ ಹೋದಂತೆ ಅನಿಸುವುದಿಲ್ಲ. ಅದೇ ಮನುಷ್ಯ ನಿಂತಲ್ಲೇ ಸ್ವಲ್ಪ ಎತ್ತರಿಸಿದ ದನಿಯಲ್ಲಿ ಮುಂದುವರಿಸಿದಂತೆ ಕೇಳಿಸುತ್ತದೆ.

ಧಾಟಿಗಳು ಜನಪದದ್ದು, ಇಲ್ಲವೇ ಜನಪದದ ಅಚ್ಚಿನಲ್ಲಿ ಹೊಸದಾಗಿ ಕಟ್ಟಿದವು. ಸೀಗರ್ ವಾದ್ಯಗಳನ್ನು ಜೋಡಿಸಿದ ರೀತಿ ಈಗಲೂ ಹೊಸದಾಗಿಯೇ ಕೇಳಿಸುತ್ತದೆ. ಬ್ಯಾಂಜೊ ಓಡುತ್ತದೆ, ಕೈಯಲ್ಲಿ ಹಿಡಿದು ತಿದಿಯೊತ್ತಿ ನುಡಿಸುವ ಕಾನ್ಸರ್ಟಿನಾ ಎಳೆದು ನಿಲ್ಲುತ್ತದೆ. ಚಕ್ರದ ಸದ್ದು, ಹಬೆಯ ಸದ್ದು ಹಾಡಿನ ಲಯದೊಳಗೆ ಸೇರುತ್ತವೆ; ಸದ್ದಿಗಾಗಿ ಬೇರೆ ಜಾಗ ಬಿಡಬೇಕಾಗಿಲ್ಲ. ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಧಾಟಿಯೂ ಒಂದೆಡೆ ಬರುತ್ತದೆ. ಅದು ನನಗೆ ಪೂರ್ತಿ ಒಗ್ಗಿಲ್ಲ. ಸುದ್ದಿಯನ್ನು ಹಾಡಾಗಿ ಹೇಳುವುದು ಕ್ಯಾಲಿಪ್ಸೊದ ಹಳೆಯ ಕಸುಬು ಎಂಬುದು ನಿಜ. ಆ ತರ್ಕ ಅರ್ಥವಾಗುತ್ತದೆ. ಆದರೂ ಶೆಡ್ಡಿನ ಮಸಿಯ ವಾಸನೆ ಮೂಗಿಗೆ ಹತ್ತಿದ ಹೊತ್ತಿನಲ್ಲಿ ಆ ಧಾಟಿ ನನ್ನನ್ನು ಒಂದು ಗಳಿಗೆ ಹೊರಗೆ ಕಳಿಸುತ್ತದೆ.

ಈ ಕಾರ್ಯಕ್ರಮದಿಂದ ನಾನು ಕಲಿತು ಬಳಸುವ ಒಂದು ಪರೀಕ್ಷೆಯಿದೆ. ಹಾಡನ್ನು ತೆಗೆದು ಕೇಳುವುದು. ಹಾಡು ತೆಗೆದರೂ ಮಾತಿನ ಅರ್ಥಕ್ಕೆ ಧಕ್ಕೆಯಾಗದಿದ್ದರೆ ಆ ಹಾಡು ಅಲಂಕಾರ. ಆಕ್ಸನ್ ಲಾವಣಿಯಲ್ಲಿ ರೈಲು ಕೈಮೀರಿ ಓಡುವ ಭಾಗದಿಂದ ಹಾಡನ್ನು ತೆಗೆದರೆ ಕಥೆಯೇ ನಿಂತುಹೋಗುತ್ತದೆ. ಫೈರ್‌ಮನ್ ಹಾರಿದ ಮೇಲೆ ಎಂಜಿನ್ನಿನಲ್ಲಿ ಉಳಿದದ್ದು ಒಬ್ಬರೇ, ಅವರು ಬದುಕಿಲ್ಲ. ಅಲ್ಲಿ ಏನಾಯಿತೆಂದು ಹತ್ತಿರದಿಂದ ಕಂಡವರು ಯಾರೂ ಇಲ್ಲ. ಜತೆಗೆ ಯಾರೂ ಇಲ್ಲದ ಆ ಕೆಲವು ನಿಮಿಷಗಳನ್ನು ನಟನ ಕೈಗೆ ಕೊಟ್ಟಿದ್ದರೆ ಸುಳ್ಳಾಗುತ್ತಿತ್ತು. ಹಾಡಿಗೆ ಮಾತ್ರ ಅಲ್ಲಿ ಪ್ರವೇಶವಿದೆ. ಹಾಡು ತಾನು ಕಂಡೆನೆಂದು ಹೇಳಿಕೊಳ್ಳುವುದಿಲ್ಲ ಎಂಬುದು ಕೇಳುವವನಿಗೆ ಗೊತ್ತಿರುತ್ತದೆ.

ಬ್ಲೇಡಿನ ಕೆಲಸ

ಇದೆಲ್ಲ ಕೈಯಿಂದ ಆಗಬೇಕಿತ್ತು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡುವ ಟೇಪಿನಲ್ಲಿ ಒಂದು ಸೆಕೆಂಡಿನ ಮಾತು ಸುಮಾರು 19 ಸೆಂಟಿಮೀಟರ್ ಉದ್ದವಿರುತ್ತದೆ. ಆ ಲೆಕ್ಕದಲ್ಲಿ ನಲವತ್ತು ಗಂಟೆಯ ಟೇಪನ್ನು ಬಿಚ್ಚಿ ಹಾಸಿದರೆ 27 ಕಿಲೋಮೀಟರ್. ಅದರಿಂದ ಒಂದು ಗಂಟೆಗಿಂತ ಕಡಿಮೆ ಮಾತನ್ನು ಆರಿಸಬೇಕು. ಟೇಪನ್ನು ಓದುವ ಯಂತ್ರಭಾಗದ (ಹೆಡ್) ಮೇಲೆ ಎರಡೂ ಕೈಯಿಂದ ಸುರುಳಿಗಳನ್ನು ಹಿಂದೆ ಮುಂದೆ ತಿರುಗಿಸಿದರೆ ಮಾತು ಗೊಗ್ಗರು ಗುರುಗುಟ್ಟುವಿಕೆಯಾಗಿ ಕೇಳಿಸುತ್ತದೆ. ಪದ ಎಲ್ಲಿ ಶುರುವಾಗುತ್ತದೆ ಎಂದು ಕಿವಿಯಿಂದ ಹಿಡಿದು, ಟೇಪಿನ ಬೆನ್ನ ಮೇಲೆ ಮೇಣದ ಪೆನ್ಸಿಲ್ಲಿನಿಂದ ಗೆರೆ ಎಳೆದು, ಕ್ಷೌರದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಇನ್ನೊಂದು ತುಂಡಿಗೆ ಅಂಟಿಸಬೇಕು. ಓರೆಯಾಗಿ ಏಕೆಂದರೆ, ನೇರವಾಗಿ ಕತ್ತರಿಸಿದರೆ ಜೋಡಣೆಯಲ್ಲಿ ‘ಟಕ್’ ಎಂಬ ಸದ್ದು ಬರುತ್ತದೆ.

ಇಲ್ಲಿ ಉಸಿರಿನ ವಿಷಯ ಬರುತ್ತದೆ. ಮಾತನಾಡುವವರು ವಾಕ್ಯಕ್ಕೆ ಮೊದಲು ಉಸಿರೆಳೆದುಕೊಳ್ಳುತ್ತಾರೆ. ಅದು ಟೇಪಿನಲ್ಲಿ ಐದಾರು ಸೆಂಟಿಮೀಟರ್ ಇದ್ದೀತು. ಅವಸರದಲ್ಲಿರುವವರು ಅದನ್ನು ಕಸವೆಂದು ತೆಗೆದುಬಿಡುತ್ತಾರೆ. ತೆಗೆದರೆ ಮಾತು ಎಲ್ಲಿಂದಲೋ ಉದುರಿದಂತೆ ಕೇಳಿಸುತ್ತದೆ, ಮನುಷ್ಯ ಕಾಣೆಯಾಗುತ್ತಾನೆ. ಆ ಉಸಿರನ್ನು ಉಳಿಸಿ, ಹಿಂದಿನ ಹಾಡಿನ ಕೊನೆಯ ಸ್ವರ ಅದರ ಮೇಲೆ ಆರುವಂತೆ ಇಟ್ಟರೆ, ಹಾಡನ್ನು ಕೇಳಿಸಿಕೊಂಡು ಆ ವ್ಯಕ್ತಿ ಮಾತಿಗೆ ಬಾಯಿ ತೆರೆದಂತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇಂಥ ಜಾಗಗಳು ಕಿವಿಗೆ ಸಿಗುತ್ತವೆ. ಪ್ರಶ್ನೆ ಕೇಳಿದವರ ದನಿಯನ್ನೂ ಪೂರ್ತಿ ತೆಗೆದಿದ್ದಾರೆ. ಹೀಗೆ ಮಾಡಬೇಕಾದರೆ ಉತ್ತರ ತನ್ನಷ್ಟಕ್ಕೆ ನಿಲ್ಲುವಂತಿರಬೇಕು. ಏನಾಯಿತು ಎಂದು ಕೇಳಿದರೆ ವರದಿ ಬರುತ್ತದೆ. ಅಲ್ಲಿ ನಿಂತಾಗ ಏನು ಕೇಳಿಸಿತು, ಕೈಗೆ ಏನು ತಾಗಿತು ಎಂದು ಕೇಳಿ ಸುಮ್ಮನೆ ಕಾದರೆ ಕಥೆ ಬರುತ್ತದೆ. ಕಾಯುವುದಕ್ಕೆ ಟೇಪು ಬೇಕು, ಸಮಯ ಬೇಕು. ನಲವತ್ತು ಗಂಟೆ ದುಂದಲ್ಲ.

ಈ ಬ್ಲೇಡಿನ ಬಗ್ಗೆ ನನಗೆ ಒಂದು ಅಳುಕೂ ಇದೆ. ಮಾತನಾಡಿದವರಲ್ಲಿ ಒಬ್ಬರು ಆಕ್ಸನ್ ಅವರ ಪತ್ನಿ. ಗಂಡ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಇನ್ನೊಬ್ಬರು, ಹಾರು ಎಂದು ಹೇಳಿಸಿಕೊಂಡು ಹಾರಿ ಬದುಕಿದ ಫೈರ್‌ಮನ್. ಜೀವ ತೆತ್ತವರ ಮೇಲೆ ಲಾವಣಿ ಕಟ್ಟುವಾಗ ಬದುಕುಳಿದವರ ಮೇಲೆ ನೆರಳು ಬೀಳುವುದು ಸುಲಭ. ಫೈರ್‌ಮನ್ ಮಾತಿನಲ್ಲಿ ಅರ್ಧ ಸೆಕೆಂಡಿನ ತಡವರಿಕೆಯನ್ನು ತಪ್ಪು ಜಾಗದಲ್ಲಿ ಉಳಿಸಿದರೂ ಸಾಕು, ಕೇಳುವವರಿಗೆ ಅದು ತಪ್ಪೊಪ್ಪಿಗೆಯಂತೆ ಕಂಡೀತು. ಲಾವಣಿಯಲ್ಲಿ ಹಾಗಾಗಿಲ್ಲ. ಅವರು ತಮ್ಮ ಕೆಲಸವನ್ನೂ ತಮ್ಮ ಚಾಲಕರ ಕೆಲಸವನ್ನೂ ಬಲ್ಲವರಂತೆ, ಸಮನಾಗಿ ನಿಂತು ಹೇಳುತ್ತಾರೆ. ಅದನ್ನು ಕಾಪಾಡಿದ್ದು ಕತ್ತರಿಸಿದವರ ವಿವೇಕ. ಈಗ ಕಂಪ್ಯೂಟರಿನಲ್ಲಿ ಕತ್ತರಿಸುವುದು ಒಂದು ಬೆರಳಿನ ಕೆಲಸವಾಗಿರುವಾಗ ಈ ಎಚ್ಚರ ಇನ್ನೂ ಹೆಚ್ಚಾಗಬೇಕು.

ಕೊರತೆಗಳು

ಪತ್ರಿಕೆಗಳ ರೇಡಿಯೊ ವಿಮರ್ಶಕರು ಕಾರ್ಯಕ್ರಮವನ್ನು ಮೆಚ್ಚಿಕೊಂಡರು. ನಾನೂ ಮೆಚ್ಚುತ್ತೇನೆ, ಆದರೆ ಕಣ್ಣು ಮುಚ್ಚಿಕೊಂಡಲ್ಲ. ಮಕಾಲ್ ಅವರ ಹಾಡುವ ದನಿ ಗಟ್ಟಿ, ತರಬೇತಾದದ್ದು. ಕೆಲವೆಡೆ ಅದು ಮಾತಿನ ದನಿಗಳಿಗಿಂತ ಮುಂದೆ ಬಂದು ನಿಲ್ಲುತ್ತದೆ. ದುಡಿಮೆಯನ್ನು ಹಾಡಿನಲ್ಲಿ ಎತ್ತಿ ಹಿಡಿಯುವ ಭರದಲ್ಲಿ ದಣಿವು, ಬೇಸರ, ಜಗಳಗಳಿಗೆ ಜಾಗ ಕಡಿಮೆಯಾಗಿದೆ. ಹೆಣ್ಣಿನ ದನಿ ಮನೆಯೊಳಗಿನದಷ್ಟೇ. ಡಿಕ್ಕಿಯಲ್ಲಿ ತೀರಿಕೊಂಡ ಗಾರ್ಡ್ ಕೂಡ ಅಂದು ಕೆಲಸಕ್ಕೆಂದೇ ಮನೆಯಿಂದ ಹೊರಟವರು; ಲಾವಣಿ ಒಬ್ಬರ ಹೆಸರಿನಲ್ಲಿದೆ.

ನಂತರದ ಎರಡು

ಇದೇ ತಂಡ 1958ರಿಂದ 1964ರವರೆಗೆ ಒಟ್ಟು ಎಂಟು ಇಂಥ ರೂಪಕಗಳನ್ನು ಮಾಡಿತು. ಅವಕ್ಕೆ ‘ರೇಡಿಯೊ ಬ್ಯಾಲಡ್ಸ್’ ಎಂಬ ಹೆಸರು ನಿಂತಿತು. ಆಕ್ಸನ್ ಪ್ರಕರಣದಲ್ಲಿ ಆದದ್ದು ಆಕಸ್ಮಿಕವೇ ಅಲ್ಲವೇ ಎಂದು ಅರಿಯಲು ಮುಂದಿನ ಎರಡನ್ನು ಪಕ್ಕದಲ್ಲಿಟ್ಟು ನೋಡಬೇಕು.

1959ರ ‘ಸಾಂಗ್ ಆಫ್ ಎ ರೋಡ್’ ಲಂಡನ್ನಿನಿಂದ ಉತ್ತರಕ್ಕೆ ಹಾಕುತ್ತಿದ್ದ ಎಂ1 ಹೆದ್ದಾರಿಯ ಕಥೆ. ಬರೀ ಕೂಲಿಯವರಷ್ಟೇ ಸಾಲದು, ಯೋಜಕರೂ ಎಂಜಿನಿಯರುಗಳೂ ಮಾತನಾಡಬೇಕು ಎಂಬ ಒತ್ತಾಯ ಬಂತು. ಕಾರ್ಯಕ್ರಮ ಹರಿಯಲಿಲ್ಲ. ಹೀಗೇಕೆ ಎಂದು ಮಕಾಲ್ ಯೋಚಿಸಿದರು. ಮಣ್ಣು ಅಗೆಯುವವರು ಉಪಮೆಗಳಲ್ಲಿ ಮಾತನಾಡುತ್ತಿದ್ದರು, ಹಿಂದೆ ನಡೆದದ್ದನ್ನು ವರ್ತಮಾನಕ್ಕೆ ಎಳೆದು ತರುತ್ತಿದ್ದರು, ದನಿ ಏರಿ ಇಳಿಯುತ್ತಿತ್ತು. ಅಧಿಕಾರಿಗಳ ಮಾತಿನಲ್ಲಿ ಕೆಲಸ ತಾನಾಗಿಯೇ ಆಗುತ್ತಿತ್ತು, ಮಾಡುವವರು ಕಾಣುತ್ತಿರಲಿಲ್ಲ, ದನಿ ಒಂದೇ ಮಟ್ಟದಲ್ಲಿ ಸಾಗುತ್ತಿತ್ತು. ಅಂಥ ಮಾತಿನ ಪಕ್ಕದಲ್ಲಿ ಹಾಡು ಕಾಲೂರಲು ಜಾಗವಿಲ್ಲ. ನನ್ನ ಮಟ್ಟಿಗೆ, ಆಕ್ಸನ್ ಲಾವಣಿಯ ಗೆಲುವನ್ನು ಅರ್ಥ ಮಾಡಿಕೊಳ್ಳಲು ಈ ಸೋಲಿಗಿಂತ ಒಳ್ಳೆಯ ಪಾಠವಿಲ್ಲ. ಹಾಡು ಬರೆಯುವ ಕೈ ಅದೇ ಇತ್ತು, ಬ್ಲೇಡು ಹಿಡಿದ ಕೈ ಅದೇ ಇತ್ತು, ಮಾತು ಬೇರೆಯಾಗಿತ್ತು.

1960ರ ‘ಸಿಂಗಿಂಗ್ ದ ಫಿಶಿಂಗ್’ ಹೆರಿಂಗ್ ಮೀನುಗಾರರದ್ದು. ಅದಕ್ಕೆ ಆ ವರ್ಷದ ಪ್ರಿ ಇಟಾಲಿಯಾ ಎಂಬ ಅಂತರರಾಷ್ಟ್ರೀಯ ಪ್ರಸಾರ ಪ್ರಶಸ್ತಿ ಬಂತು. ಇಲ್ಲಿ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಮುದ್ರಿಸಿ ತಂದ ಮಾತನ್ನು ಸ್ಟುಡಿಯೊದೊಳಗೆ ಕೇಳಿಸುತ್ತಾ, ವಾದ್ಯದವರೂ ಹಾಡುಗಾರರೂ ಆ ಮಾತಿಗೆ ಅಲ್ಲೇ ಸ್ಪಂದಿಸುವಂತೆ ಮುದ್ರಿಸಿದರು. ನಾರ್ಫೋಕ್‌ನ ವಿಂಟರ್‌ಟನ್ ಊರಿನ ಸ್ಯಾಮ್ ಲಾರ್ನರ್ ಆಗ ಎಂಬತ್ತು ದಾಟಿದ್ದ ಮೀನುಗಾರ, ಹಾಡುಗಾರ. ಅವರು ಹೇಳಿಕೊಂಡ ಬದುಕಿನಿಂದ ಮಕಾಲ್ ಒಂದು ಹಾಡು ಕಟ್ಟಿದರು. ಲಾರ್ನರ್ ಅವರಿಗೆ ಅದನ್ನು ಕೇಳಿಸಿದಾಗ, ಈ ಹಾಡು ತನಗೆ ಜೀವಮಾನವಿಡೀ ಗೊತ್ತಿದೆ ಎಂದು ಅವರು ಹೇಳಿದರಂತೆ.

1964ರ ನಂತರ ಸರಣಿ ನಿಂತಿತು. ವಾರಗಟ್ಟಲೆ ಓಡಾಟ, ತಿಂಗಳುಗಟ್ಟಲೆ ಕತ್ತರಿಸುವ ಕೆಲಸ, ವಾದ್ಯದವರ ಸಂಭಾವನೆ ಸೇರಿ ಇವು ದುಬಾರಿ ಕಾರ್ಯಕ್ರಮಗಳಾಗಿದ್ದವು. ಪಾರ್ಕರ್ 1972ರಲ್ಲಿ ಬಿಬಿಸಿಯಿಂದ ಹೊರಬೀಳಬೇಕಾಯಿತು. 2006ರಲ್ಲಿ ಬಿಬಿಸಿ ರೇಡಿಯೊ 2 ಅದೇ ಹೆಸರಿನಲ್ಲಿ, ಅದೇ ಕ್ರಮದಲ್ಲಿ ಹೊಸ ಸರಣಿಯೊಂದನ್ನು ಪ್ರಸಾರ ಮಾಡಿತು.

ಪಾರ್ಕರ್ ಸಂಗ್ರಹ ಈಗ ಬರ್ಮಿಂಗ್‌ಹ್ಯಾಮ್‌ನ ಗ್ರಂಥಾಲಯದಲ್ಲಿದೆ. ರೇಡಿಯೊ ಬ್ಯಾಲಡ್‌ಗಳಿಗಾಗಿ ಮುದ್ರಿಸಿ ತಂದ ಮಾತಿನ ಟೇಪುಗಳು ಅದರಲ್ಲಿವೆ. ಪ್ರಸಾರವಾದ ಒಂದು ಗಂಟೆಯನ್ನು ಕೇಳಿ ಮುಗಿಸಿದಾಗಲೆಲ್ಲ ನನ್ನ ಮನಸ್ಸು ಹೊರಗುಳಿದ ಮಾತಿನ ಕಡೆಗೆ ಹೋಗುತ್ತದೆ: ಆಕ್ಸನ್ ಹೆಸರೇ ಬಾರದ, ಯಾವುದೋ ಮಂಜಿನ ರಾತ್ರಿಯ ಬಗ್ಗೆ, ಕೆಟ್ಟ ಕಲ್ಲಿದ್ದಲಿನ ಬಗ್ಗೆ, ಶೆಡ್ಡಿನಲ್ಲಿ ಕುಡಿದ ಚಹಾದ ಬಗ್ಗೆ ಆಡಿರಬಹುದಾದ ಮಾತು. ಕೇಳಲು ಬಂದವರು ಅದನ್ನೂ ಅವಸರವಿಲ್ಲದೆ ಕೇಳಿಸಿಕೊಂಡಿದ್ದರಿಂದಲೇ, ಬೆನ್ನುಹುರಿಯ ಮಾತು ಬರುವ ಹೊತ್ತಿಗೆ ಯಂತ್ರ ಇನ್ನೂ ಓಡುತ್ತಿತ್ತು.